ಖಾಲಿ ಸೈಟಿಗೆ ಇಪ್ಪತ್ತೈದು, ಅಂಗಡಿಗೆ ಐನೂರು

ಒಂದು ಲಕ್ಷ ರೂಪಾಯಿ ಬೆಲೆಬಾಳುವ ಖಾಲಿ ಜಾಗಕ್ಕೆ ವರ್ಷಕ್ಕೆ 25 ರೂಪಾಯಿ ತೆರಿಗೆ. ಅದೇ ಬೆಲೆಯ ಜಾಗದಲ್ಲಿ ಅಂಗಡಿಯೋ ವರ್ಕ್‌ಶಾಪೋ ನಡೆಯುತ್ತಿದ್ದರೆ 500 ರೂಪಾಯಿ. 2024ರ ಫೆಬ್ರುವರಿಯಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೊರಡಿಸಿದ ಕರಡು ಅಧಿಸೂಚನೆಯ ಲೆಕ್ಕ ಇದು. ಸರ್ಕಾರದ ಮಾರ್ಗಸೂಚಿ ದರದ ಮೇಲೆ ಪೂರ್ತಿ ಖಾಲಿ ನಿವೇಶನಕ್ಕೆ ಶೇ 0.025, ವಾಣಿಜ್ಯ ಬಳಕೆಗೆ ಶೇ 0.5. ಇಪ್ಪತ್ತು ಪಟ್ಟು ವ್ಯತ್ಯಾಸ. ಬೇಲಿ ಸುತ್ತಿ, ಪಾರ್ಥೇನಿಯಂ ಬೆಳೆಯಲು ಬಿಟ್ಟು, ಬೆಲೆ ಏರಲಿ ಎಂದು ಕಾದು ಕೂತವನಿಗೆ ಇಪ್ಪತ್ತೈದು. ಬೆಳಗ್ಗೆ ಏಳಕ್ಕೆ ಶಟರ್ ಎತ್ತಿ ನಾಲ್ಕು ಜನಕ್ಕೆ ಸಂಬಳ ಕೊಡುವವನಿಗೆ ಐನೂರು.

ಆ ಕರಡು ಜಾರಿಗೆ ಬರಲಿಲ್ಲ. ವಿರೋಧ ಎದ್ದಿತು, ಲೋಕಸಭಾ ಚುನಾವಣೆ ಬಾಗಿಲಲ್ಲಿತ್ತು, ಕಡತ ಪಕ್ಕಕ್ಕೆ ಸರಿಯಿತು. ಬಚಾವಾದೆವು ಎಂದು ನಿಟ್ಟುಸಿರು ಬಿಟ್ಟವರೇ ಹೆಚ್ಚು. ನನಗೆ ಮಾತ್ರ ಆ ಎರಡು ಅಂಕಿ ಮರೆಯಲಾಗುತ್ತಿಲ್ಲ. ಜಾರಿಯಾಗಲಿಲ್ಲ ಅನ್ನುವುದು ಬೇರೆ ಮಾತು. ಹಾಗೆ ಬರೆಯಲು ಯಾರಿಗೂ ಸಂಕೋಚವಾಗಲಿಲ್ಲವಲ್ಲ! ಸಂಕೋಚ ಯಾಕೆ ಆಗಲಿಲ್ಲ ಅಂದರೆ, ಅದು ಹೊಸ ಯೋಚನೆಯೇ ಅಲ್ಲ. ದುಡಿಮೆ ನಡೆಯುವ ಜಾಗದಿಂದ ಕಿತ್ತುಕೊಳ್ಳುವುದು, ಸುಮ್ಮನೆ ಬಿದ್ದ ಜಾಗವನ್ನು ಮುಟ್ಟದಿರುವುದು ನಮ್ಮ ಊರುಗಳ ಆಸ್ತಿ ತೆರಿಗೆಯ ಹಳೇ ಚಾಳಿ. ಕರಡಿನಲ್ಲಿ ಅದು ಬೆತ್ತಲಾಗಿ ಕಂಡಿತು, ಅಷ್ಟೆ.

ಮೊದಲೇ ಹೇಳಿಬಿಡುತ್ತೇನೆ: ಇದು ತೆರಿಗೆ ಬೇಡ ಎನ್ನುವವರ ಕೂಗಲ್ಲ. ರಸ್ತೆ ಬೇಕು, ಚರಂಡಿ ಬೇಕು, ಬೀದಿದೀಪ ಬೇಕು, ಕಸ ಎತ್ತುವ ಪೌರಕಾರ್ಮಿಕರಿಗೆ ತಿಂಗಳ ಕೊನೆಗೆ ಸಂಬಳ ಆಗಬೇಕು. ಅದಕ್ಕೆಲ್ಲ ಊರಿನ ಆಸ್ತಿಯೇ ದುಡ್ಡು ಕೊಡಬೇಕು. ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಅಧಿಕಾರ ಕೊಟ್ಟಿತು, ಆದರೆ ಅದರ ಕೈಯಲ್ಲಿ ಗಟ್ಟಿಯಾಗಿ ಉಳಿದ ಸ್ವಂತ ಆದಾಯ ಆಸ್ತಿ ತೆರಿಗೆಯೊಂದೇ. ಜಿಎಸ್‌ಟಿ ಬಂದ ಮೇಲಂತೂ ಇನ್ನೂ ಹಾಗೆ. ಹಾಗಿದ್ದೂ ನಾವು ಕಟ್ಟುತ್ತಿರುವುದು ಎಷ್ಟು? ಉಪಗ್ರಹದ ಚಿತ್ರಗಳನ್ನು ಮುಂದಿಟ್ಟುಕೊಂಡು 2016–17ರ ಕೇಂದ್ರದ ಆರ್ಥಿಕ ಸಮೀಕ್ಷೆ ಒಂದು ಅಂದಾಜು ಮಾಡಿತ್ತು: ಬೆಂಗಳೂರು ಮತ್ತು ಜೈಪುರ ತಮಗೆ ಬರಬಹುದಾದ ಆಸ್ತಿ ತೆರಿಗೆಯಲ್ಲಿ ಶೇ 5ರಿಂದ 20ರಷ್ಟನ್ನು ಮಾತ್ರ ವಸೂಲು ಮಾಡುತ್ತಿವೆ ಎಂದು. ನೂರಕ್ಕೆ ಕನಿಷ್ಠ ಎಂಬತ್ತು ಭಾಗ ಬಲೆಯ ಹೊರಗೆ! ಹಾಗಾದರೆ ಬಲೆಯೊಳಗೆ ಇರುವವರು ಯಾರು? ಕಣ್ಣಿಗೆ ಕಾಣುವವರು. ಬೋರ್ಡು ಹಾಕಿಕೊಂಡವರು. ಓಡಿಹೋಗಲಾಗದವರು.

ಬೋರ್ಡು ಹಾಕಿಕೊಂಡವನ ಲೆಕ್ಕ ಹೇಗಿದೆ ನೋಡಿ. ಬೆಂಗಳೂರಿನಲ್ಲಿ 2008ರಿಂದ ಘಟಕ ಪ್ರದೇಶ ಮೌಲ್ಯ ಪದ್ಧತಿ ನಡೆಯಿತು. ಊರನ್ನು ‘ಎ’ಯಿಂದ ‘ಎಫ್’ವರೆಗೆ ಆರು ವಲಯ ಮಾಡಿ, ಚದರಡಿಗೆ ತಿಂಗಳಿಗೆ ಇಷ್ಟು ಎಂದು ದರ ಕಟ್ಟಿ, ಹತ್ತು ತಿಂಗಳ ಲೆಕ್ಕ ಹಿಡಿದು, ಅದರಲ್ಲಿ ಮನೆಯಾದರೆ ಶೇ 20, ವ್ಯಾಪಾರವಾದರೆ ಶೇ 25 ತೆರಿಗೆ. 2008ರ ದರದಲ್ಲಿ ‘ಎ’ ವಲಯದ ಸಾದಾ ಅಂಗಡಿಗೆ, ಮಾಲೀಕನೇ ನಡೆಸಿದರೆ ಚದರಡಿಗೆ 10 ರೂಪಾಯಿ. ಬಾಡಿಗೆಗೆ ಕೊಟ್ಟಿದ್ದರೆ 20. ಇನ್ನೂರು ಚದರಡಿಯ ಮಳಿಗೆ ಎಂದಿಟ್ಟುಕೊಳ್ಳಿ. ಸವಕಳಿ ಕಳೆಯುವ ಮೊದಲು, ಬಾಡಿಗೆ ಮಳಿಗೆಯಾದರೆ ತೆರಿಗೆ 10,000. ಅದರ ಮೇಲೆ ಶೇ 24 ಉಪಕರ ಸೇರಿ 12,400. ಪಕ್ಕದಲ್ಲೇ ಅಷ್ಟೇ ಅಳತೆಯ ಮಳಿಗೆಯಲ್ಲಿ ಸ್ವಂತ ಮಾಲೀಕ ಕೂತಿದ್ದರೆ 6,200. ಒಂದೇ ರಸ್ತೆ, ಒಂದೇ ಚರಂಡಿ, ಒಂದೇ ಬೀದಿದೀಪ. 2016ರಲ್ಲಿ ವ್ಯಾಪಾರದ ಕಟ್ಟಡಗಳ ದರ ಶೇ 25 ಏರಿತು. ಹೊರೆ ಏರಿದರೂ ಎರಡು ಪಟ್ಟಿನ ಅಂತರ ಹಾಗೇ ಉಳಿಯಿತು.

ಕಾಗದದ ಮೇಲೆ ಇದು ಮಾಲೀಕನ ತೆರಿಗೆ. ಬಾಡಿಗೆ ಬರುತ್ತದೆ, ಆದಾಯ ಇದೆ, ಹೆಚ್ಚು ಕಟ್ಟಲಿ ಎನ್ನುವ ನ್ಯಾಯ. ಕೇಳಲು ಚೆನ್ನಾಗಿದೆ. ಬಾಡಿಗೆ ಕರಾರು ಪತ್ರ ಓದಿದವರಿಗೆ ಗೊತ್ತು, ಅದರ ಮೂರನೆಯದೋ ನಾಲ್ಕನೆಯದೋ ಷರತ್ತಿನಲ್ಲಿ ತೆರಿಗೆ, ನೀರು, ಕರೆಂಟು ಎಲ್ಲ ಬಾಡಿಗೆದಾರನ ತಲೆಗೆ. ಬರೆಯದಿದ್ದರೂ ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಏರಿಸುವಾಗ ಅದು ಸೇರಿಯೇ ಇರುತ್ತದೆ. ಅಂದರೆ ಸ್ವಂತ ಮಳಿಗೆ ಇರುವಷ್ಟು ಗಟ್ಟಿಕುಳಕ್ಕೆ ಅರ್ಧ ತೆರಿಗೆ, ಅಡ್ವಾನ್ಸಿಗೆ ಹೆಂಡತಿಯ ಬಳೆ ಅಡವಿಟ್ಟು ಹೇರ್ ಕಟಿಂಗ್ ಅಂಗಡಿ ತೆರೆದವನಿಗೆ ಪೂರ್ತಿ ತೆರಿಗೆ. ಇದನ್ನು ಬರೆದವರು ಬಡವರ ವಿರೋಧಿಗಳೇನಲ್ಲ. ಆದರೆ ಅವರು ನೋಡಿದ್ದು ಕಟ್ಟಡವನ್ನು. ಅದರೊಳಗೆ ಸ್ಟೂಲಿನ ಮೇಲೆ ಕೂತವನನ್ನಲ್ಲ.

ಆ ಶೇ 24ರ ಒಳಗೇನಿದೆ ಅನ್ನುವುದನ್ನೂ ಒಮ್ಮೆ ನೋಡಿ. ಆರೋಗ್ಯ ಉಪಕರ 15, ಗ್ರಂಥಾಲಯ ಉಪಕರ 6, ಭಿಕ್ಷುಕರ ಉಪಕರ 3. ಗ್ರಂಥಾಲಯಕ್ಕೆಂದು ನಮ್ಮಿಂದ ವಸೂಲಾದ ಹಣ ಗ್ರಂಥಾಲಯ ಇಲಾಖೆಗೆ ತಲುಪದೆ ಪಾಲಿಕೆಯಲ್ಲೇ ನೂರಾರು ಕೋಟಿ ಬಾಕಿ ಉಳಿದ ಸುದ್ದಿಯನ್ನು ವರ್ಷವರ್ಷ ಓದುತ್ತಲೇ ಬಂದಿದ್ದೇವೆ. ಭಿಕ್ಷುಕರ ಉಪಕರದ ಕಥೆಯೂ ಅದೇ. ಅಂಗಡಿಯವನು ಒಂದು ತಿಂಗಳು ತಡ ಮಾಡಿದರೆ ಬಡ್ಡಿ. ಅಂಗಡಿಯವನಿಂದ ಪಡೆದದ್ದನ್ನು ಸೇರಬೇಕಾದವರಿಗೆ ಸೇರಿಸದವರಿಗೆ?

ಇಲ್ಲೊಬ್ಬರು ತಡೆದು ಕೇಳುತ್ತಾರೆ: ವರ್ಷಕ್ಕೆ ಹನ್ನೆರಡು ಸಾವಿರಕ್ಕೆ ಯಾವ ಅಂಗಡಿ ಮುಚ್ಚುತ್ತದೆ ಸ್ವಾಮಿ? ಸರಿಯಾದ ಪ್ರಶ್ನೆ. ಬರೀ ಆಸ್ತಿ ತೆರಿಗೆಯಿಂದಲೇ ಮುಚ್ಚಿದ ಅಂಗಡಿ ಅಪರೂಪ. ಆದರೆ ಈ ತೆರಿಗೆಯ ಸ್ವಭಾವ ಗಮನಿಸಿ. ಆದಾಯ ತೆರಿಗೆ ಲಾಭ ಬಂದರೆ ಮಾತ್ರ. ಜಿಎಸ್‌ಟಿ ಮಾರಾಟ ಆದರೆ ಮಾತ್ರ. ಆಸ್ತಿ ತೆರಿಗೆ ಹಾಗಲ್ಲ. ಆರ್ಡರ್ ಇರಲಿ ಇಲ್ಲದಿರಲಿ, ಮೆಟ್ರೊ ಕಾಮಗಾರಿಗೆ ರಸ್ತೆ ಅಗೆದು ಗಿರಾಕಿ ಬರುವುದೇ ನಿಂತಿರಲಿ, ಲಾಕ್‌ಡೌನ್ ಆಗಿ ತಿಂಗಳುಗಟ್ಟಲೆ ಬಾಗಿಲು ಹಾಕಿರಲಿ, ಚದರಡಿ ಚದರಡಿಯೇ. ಕೆಟ್ಟ ವರ್ಷದಲ್ಲಿ ಎಲ್ಲ ತೆರಿಗೆಗಳೂ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತವೆ. ಇದೊಂದು ನಿಂತ ಜಾಗ ಬಿಟ್ಟು ಕದಲುವುದಿಲ್ಲ. ಜತೆಗೆ ಇದು ಒಂಟಿಯಾಗಿಯೂ ಬರುವುದಿಲ್ಲ. ಉದ್ದಿಮೆ ಪರವಾನಗಿ ಶುಲ್ಕ ಇದೆ. ಕರೆಂಟು ಉರಿಸಿದರೂ ಬಿಟ್ಟರೂ ನಿಗದಿತ ಶುಲ್ಕ ಇದೆ. 2025ರ ಏಪ್ರಿಲ್‌ನಿಂದ ಕಸದ ಬಳಕೆದಾರ ಶುಲ್ಕವೂ ಆಸ್ತಿ ತೆರಿಗೆಯ ಬಿಲ್ಲಿಗೇ ಸೇರಿದೆ. ನೋಂದಣಿ ಇಲ್ಲದ ಮಾಲೀಕನಿಂದ ಮಳಿಗೆ ಬಾಡಿಗೆಗೆ ಪಡೆದ ಜಿಎಸ್‌ಟಿ ನೋಂದಾಯಿತ ವ್ಯಾಪಾರಿ, ಆ ಬಾಡಿಗೆಯ ಮೇಲಿನ ಶೇ 18 ಜಿಎಸ್‌ಟಿಯನ್ನು ತಾನೇ ಕಟ್ಟಬೇಕು ಎಂಬ ನಿಯಮ 2024ರ ಅಕ್ಟೋಬರ್‌ನಲ್ಲಿ ಬಂತು. ಒಂದೊಂದೂ ಚಿಕ್ಕದೇ. ಒಂದೊಂದನ್ನು ಹೇರುವಾಗಲೂ ಒಬ್ಬ ಅಧಿಕಾರಿ ‘ಇಷ್ಟಕ್ಕೆಲ್ಲ ಯಾರು ಮುಚ್ಚುತ್ತಾರೆ’ ಎಂದೇ ಸಹಿ ಹಾಕಿರುತ್ತಾನೆ.

ಅಂಗಡಿ ಮುಚ್ಚುವುದಿಲ್ಲ, ನಿಜ. ಮುಚ್ಚುವ ಮುಂಚೆ ಬೇರೆ ಬಹಳಷ್ಟು ಆಗುತ್ತದೆ, ಅದು ಯಾವ ಅಂಕಿ ಅಂಶದಲ್ಲೂ ಬರುವುದಿಲ್ಲ.

ನಗರದ ಪಶ್ಚಿಮ ಅಂಚಿನ ಒಂದು ಒಳರಸ್ತೆ. ಎರಡೂ ಕಡೆ ಶೀಟಿನ ಶೆಡ್ಡುಗಳು. ಟರ್ನಿಂಗ್, ಮಿಲ್ಲಿಂಗ್, ಪೌಡರ್ ಕೋಟಿಂಗ್, ಸ್ಪ್ರಿಂಗ್ ಸುತ್ತುವುದು, ಇನ್ನೊಬ್ಬ ಬರೀ ರಟ್ಟಿನ ಡಬ್ಬ ಮಾಡುವವನು. ಕೂಲಂಟ್ ಎಣ್ಣೆಯ ವಾಸನೆ ಹೊಡೆಯುವ ಒಂದು ಶೆಡ್ಡಿನಲ್ಲಿ ಎರಡು ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್ನು, ಗೋಡೆಗೆ ಲಕ್ಷ್ಮಿಯ ಫೋಟೊ, ಅದರ ಕೆಳಗೆ ಡ್ರಾಯಿಂಗ್ ಷೀಟುಗಳನ್ನು ಸಿಕ್ಕಿಸಿದ ಮೊಳೆ. ನಡೆಸುವಾತ ಐಟಿಐ ಕಲಿತು, ಹಿಂದೆ ದೊಡ್ಡ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವನು. ಕೆಲಸ ಬಿಟ್ಟು ಬಂದಾಗ ಸಿಕ್ಕ ಹಣವನ್ನೆಲ್ಲ ಇಲ್ಲಿ ಹಾಕಿದವನು. ಮಧ್ಯಾಹ್ನ ಊಟದ ಹೊತ್ತಿಗೆ ಮಾಲೀಕರು ಒಂದು ಕಾಗದ ಹಿಡಿದು ಬಂದರು. ಕಟ್ಟಡವನ್ನು ಇಷ್ಟು ವರ್ಷವೂ ‘ಸ್ವಂತ ಬಳಕೆ’ ಎಂದು ಘೋಷಿಸಿ ಅರ್ಧ ತೆರಿಗೆ ಕಟ್ಟಿಕೊಂಡು ಬಂದಿದ್ದರು. ಈಗ ಪರಿಶೀಲನೆಯಲ್ಲಿ ಸಿಕ್ಕಿಬಿದ್ದು ವ್ಯತ್ಯಾಸ, ದಂಡ, ಬಡ್ಡಿ ಎಲ್ಲ ಸೇರಿ ನೋಟಿಸು ಬಂದಿದೆ.

“ನೋಡಪ್ಪಾ, ಅರ್ಧ ನೀನು ಹಾಕ್ಕೋ. ಇಲ್ದಿದ್ರೆ ಬೀಗ ಹಾಕ್ತಾರಂತೆ. ಹಾಕಿದ್ರೆ ನಿಂಗೇ ತೊಂದ್ರೆ.”

“ನಾನು ತಿಂಗಳು ತಿಂಗಳು ಬಾಡ್ಗೆ ಸರಿಯಾಗಿ ಕೊಟ್ಟಿದೀನಲ್ಲ ಸಾರ್. ಸ್ವಂತ ಅಂತ ಬರ್ಕೊಟ್ಟೋರು ನೀವು.”

“ಅದೆಲ್ಲ ಈಗ ಮಾತಾಡಿ ಏನುಪಯೋಗ? ಬೇರೆ ಕಡೆ ಶೆಡ್ ನೋಡ್ಕೊಳ್ಳೋದಾದ್ರೆ ನೋಡ್ಕೋ.”

ಅವನು ನೋಡಿಕೊಳ್ಳಲಿಲ್ಲ. ಥ್ರೀ ಫೇಸ್ ಕರೆಂಟು, ಬಿಗಿಸಿದ ಮೆಷಿನ್ನು, ಪರಿಚಯದ ಪಾರ್ಟಿಗಳು, ಇವನ್ನೆಲ್ಲ ಹೊತ್ತುಕೊಂಡು ಎಲ್ಲಿಗೆ ಹೋಗುತ್ತಾನೆ? ಅರ್ಧ ಹಾಕಿಕೊಂಡ. ಅದನ್ನು ಎಲ್ಲಿಂದ ತಂದ ಎಂದರೆ, ಗದಗದ ಕಡೆಯಿಂದ ಬಂದು ಒಂದೂವರೆ ವರ್ಷದಿಂದ ಕೆಲಸ ಕಲಿಯುತ್ತಿದ್ದ ಹುಡುಗನನ್ನು ‘ದೀಪಾವಳಿ ಆದ್ಮೇಲೆ ಫೋನ್ ಮಾಡ್ತೀನಿ ಕಣೋ’ ಎಂದು ಊರಿಗೆ ಕಳಿಸಿದ. ಫೋನ್ ಹೋಗಲಿಲ್ಲ. ಯಾವ ಲೆಕ್ಕದಲ್ಲೂ ಅದು ಉದ್ಯೋಗ ನಷ್ಟ ಅಲ್ಲ. ಆ ಹುಡುಗ ಪಿಎಫ್ ಪಟ್ಟಿಯಲ್ಲಿ ಇರಲೇ ಇಲ್ಲ. ಶೆಡ್ಡು ನಡೆಯುತ್ತಲೇ ಇದೆ. ಎರಡು ಲೇತಿನಲ್ಲಿ ಒಂದು ಮಾತ್ರ ತಿರುಗುತ್ತದೆ.

ಮಾಲೀಕರು ಮಾಡಿದ್ದು ಸುಳ್ಳು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸುಳ್ಳಿಗೆ ಅರ್ಧದಷ್ಟು ಬಹುಮಾನ ಇಟ್ಟಿದ್ದು ದರಪಟ್ಟಿ. ಬಾಡಿಗೆ ಎಂದು ನಿಜ ಬರೆದವನಿಗೆ ದುಪ್ಪಟ್ಟು, ಸ್ವಂತ ಎಂದು ಸುಳ್ಳು ಬರೆದವನಿಗೆ ರಿಯಾಯಿತಿ, ಸಿಕ್ಕಿಬಿದ್ದರೆ ದಂಡ ಬಾಡಿಗೆದಾರನಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆಯನ್ನು ಇಷ್ಟು ಶಿಸ್ತಾಗಿ, ನಮೂನೆ ಸಹಿತ ಜಾರಿಗೆ ತಂದವರು ಇನ್ನೊಬ್ಬರಿಲ್ಲ.

ಬೀಗದ ಮಾತು ಬಂತು. ಬಾಕಿ ವಸೂಲಿಗೆ ವಾಣಿಜ್ಯ ಕಟ್ಟಡಕ್ಕೆ ಬೀಗ ಜಡಿಯುವುದು ಈಚಿನ ವರ್ಷಗಳಲ್ಲಿ ಅಧಿಕಾರಿಗಳಿಗೆ ಬಹಳ ಪ್ರಿಯವಾದ ದಾರಿ. ಟೀವಿಯವರೂ ಬರುತ್ತಾರೆ. 2023ರ ಡಿಸೆಂಬರ್‌ನಲ್ಲಿ ಮಲ್ಲೇಶ್ವರದ ಮಂತ್ರಿ ಮಾಲ್‌ಗೆ ಬೀಗ ಬಿದ್ದಾಗ ಪಾಲಿಕೆ ಹೇಳಿದ ಬಾಕಿ ಸುಮಾರು 51 ಕೋಟಿ ರೂಪಾಯಿ. ಅದಕ್ಕೆ ಎರಡು ವರ್ಷ ಮುಂಚೆಯೂ ಅದೇ ಮಾಲ್‌ಗೆ ಅದೇ ಕಾರಣಕ್ಕೆ ಬೀಗ ಬಿದ್ದಿತ್ತು. ಐವತ್ತೊಂದು ಕೋಟಿ ಬಾಕಿಯನ್ನು ವಸೂಲು ಮಾಡಬಾರದು ಎಂದು ಯಾರೂ ಹೇಳುವುದಿಲ್ಲ. ಖಂಡಿತ ಮಾಡಬೇಕು. ಆದರೆ ಬೀಗ ಬಿದ್ದ ಬೆಳಗ್ಗೆ ಮೊದಲು ಬಂದು ಬಾಗಿಲಲ್ಲಿ ನಿಲ್ಲುವವರು ಮಾಲೀಕರಲ್ಲ. ಫುಡ್ ಕೋರ್ಟಿನಲ್ಲಿ ತಟ್ಟೆ ತೊಳೆಯುವವರು, ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುವ ಹುಡುಗಿಯರು, ಕಮಿಷನ್ ಮೇಲೆ ಬದುಕುವ ಸೇಲ್ಸ್ ಹುಡುಗರು. ಇವರಲ್ಲಿ ಒಬ್ಬರೂ ಒಂದು ರೂಪಾಯಿ ತೆರಿಗೆ ಬಾಕಿ ಇಟ್ಟವರಲ್ಲ. ಮಳಿಗೆಯವರೂ ಬಾಡಿಗೆ ಕಟ್ಟಿದವರೇ.

2024ರ ಜುಲೈ ನೆನಪಿದೆಯೇ? ಮಾಗಡಿ ರಸ್ತೆಯ ಜಿ.ಟಿ. ಮಾಲ್‌ನಲ್ಲಿ ಪಂಚೆ ಉಟ್ಟ ಹಾವೇರಿ ಕಡೆಯ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ಊರಿಗೆ ಊರೇ ಸಿಟ್ಟಾಯಿತು, ಆಗಲೇಬೇಕಿತ್ತು. ಸರ್ಕಾರ ಏಳು ದಿನ ಮಾಲ್ ಮುಚ್ಚಿಸಿತು. ಆಗ ಹೊರಬಿದ್ದ ಇನ್ನೊಂದು ಸಂಗತಿ: ಅದರ ಆಸ್ತಿ ತೆರಿಗೆ ಬಾಕಿ 1.78 ಕೋಟಿ ರೂಪಾಯಿ. ಅಲ್ಲ, ಈ ಬಾಕಿ ಆ ರೈತರು ಬಾಗಿಲಿಗೆ ಬರುವ ಹಿಂದಿನ ದಿನವೂ ಇತ್ತಲ್ಲ? ಆವತ್ತು ಯಾಕೆ ನೆನಪಾಗಲಿಲ್ಲ? ತೆರಿಗೆಯನ್ನು ಸಿಟ್ಟು ಬಂದಾಗ ಎತ್ತಿಕೊಳ್ಳುವ ಬಡಿಗೆ ಮಾಡಿಕೊಂಡರೆ, ಬಡಿಗೆಗೆ ಹೆದರುವವನು ಯಾವಾಗಲೂ ಚಿಕ್ಕವನೇ. ದೊಡ್ಡವನು ಕೋರ್ಟಿಗೆ ಹೋಗುತ್ತಾನೆ, ತಡೆಯಾಜ್ಞೆ ತರುತ್ತಾನೆ, ಕಂತು ಮಾಡಿಸಿಕೊಳ್ಳುತ್ತಾನೆ. 2024ರಲ್ಲಿ ಏಕಕಾಲಿಕ ಇತ್ಯರ್ಥ ಯೋಜನೆ ಬಂದು ಬಡ್ಡಿ ಮನ್ನಾ, ದಂಡ ಕಡಿತ ಎಲ್ಲ ಆಯಿತು. ವರ್ಷವರ್ಷ ಏಪ್ರಿಲ್‌ನಲ್ಲೇ ಕ್ಯೂ ನಿಂತು ಕಟ್ಟಿದವನಿಗೆ ಸಿಕ್ಕಿದ್ದು ಶೇ 5 ರಿಯಾಯಿತಿ. ಹತ್ತು ವರ್ಷ ಕಟ್ಟದೆ ಕೂತವನಿಗೆ ಸಿಕ್ಕಿದ್ದನ್ನು ಅವನು ಪೇಪರಿನಲ್ಲಿ ಓದಿದ.

ಹೆದರಿಕೆ ಏನು ಮಾಡುತ್ತದೆ ಎಂದು ನಾವೇ ಕಣ್ಣಾರೆ ಕಂಡಿದ್ದೇವೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸುಗಳು ಹೋದವು. ಅದು ಬೇರೆ ತೆರಿಗೆ, ಬೇರೆ ಇಲಾಖೆ. ಆದರೆ ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಬೂತುಗಳ ಮುಂದೆ ‘ನೋ ಯುಪಿಐ, ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿಕೊಳ್ಳಲು ಎಷ್ಟು ದಿನ ಬೇಕಾಯಿತು? ನೋಟಿಸು ಬಂದವನ ಅಂಗಡಿ ಮಾತ್ರವಲ್ಲ, ಬರಬಹುದೆಂದು ಅಂಜಿದವನ ಅಂಗಡಿಯೂ ಕ್ಯೂಆರ್ ಫಲಕ ಕಿತ್ತಿತು. ಆಸ್ತಿ ತೆರಿಗೆಯ ಅಂಜಿಕೆ ಇಷ್ಟು ಸದ್ದು ಮಾಡುವುದಿಲ್ಲ. ಎರಡನೇ ಮೆಷಿನ್ನು ಕೊಳ್ಳಲೋ ಬೇಡವೋ ಎನ್ನುವವನು ಬೇಡ ಎನ್ನುತ್ತಾನೆ. ಮಹಡಿ ಮೇಲೆ ಇನ್ನೊಂದು ಟೈಲರಿಂಗ್ ಹಾಲ್ ಎತ್ತೋಣ ಎಂದವಳು, ಕಟ್ಟಿದರೆ ಚದರಡಿ ಜಾಸ್ತಿ ಆಗುತ್ತಲ್ಲ ಎಂದು ಶೀಟು ಹೊದಿಸಿ ಸುಮ್ಮನಾಗುತ್ತಾಳೆ. ಅಲ್ಲಿ ಕೂತು ಹೊಲಿಯಬೇಕಿದ್ದ ಆರು ಹೆಂಗಸರು ಯಾರೆಂದು ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಕೊಟ್ಟಿದ್ದಕ್ಕೆ ಸಿಕ್ಕಿದ್ದೇನು ಎಂಬ ಮಾತೂ ಇದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಬೆಂಗಳೂರು ‘ಬೃಹತ್’ ಆಯಿತು. ಆ ಹಳ್ಳಿಗಳಲ್ಲಿ ಅಂಗಡಿ, ಗೋದಾಮು, ಸಣ್ಣ ಕಾರ್ಖಾನೆ ನಡೆಸುವವರು ಅಲ್ಲಿಂದಾಚೆ ಮಹಾನಗರದ ತೆರಿಗೆ ಕಟ್ಟುತ್ತ ಬಂದರು. ಅವರಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ ತೆರಿಗೆಯೂ ಕಟ್ಟಿ, ಟ್ಯಾಂಕರಿಗೂ ಕೊಟ್ಟರು. ಪೀಣ್ಯ ನೋಡಿ. ಸಣ್ಣ ಕೈಗಾರಿಕೆಗಳ ಮಟ್ಟಿಗೆ ಏಷ್ಯಾದಲ್ಲೇ ದೊಡ್ಡ ಪ್ರದೇಶಗಳಲ್ಲೊಂದು ಎಂದು ದಶಕಗಳಿಂದ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಮಳೆಗಾಲದಲ್ಲಿ ಅದರ ಒಳರಸ್ತೆಗಳಲ್ಲಿ ಒಂದು ಸುತ್ತು ಲಾರಿಯಲ್ಲಿ ಕೂತು ಬನ್ನಿ, ಹೆಮ್ಮೆ ಸೊಂಟಕ್ಕೆ ತಾಗುತ್ತದೆ. ಪೀಣ್ಯದವರು ಕಟ್ಟಿದ ತೆರಿಗೆ ಪೀಣ್ಯದ ಯಾವ ರಸ್ತೆಗೆ ಎಷ್ಟು ಹೋಯಿತು ಎಂದು ಬೋರ್ಡಿನ ಮೇಲೆ ಬರೆದು ನಿಲ್ಲಿಸಲು ಯಾವ ಕಾನೂನು ಅಡ್ಡ ಬರುತ್ತದೆ?

ಬೇರೆ ದಾರಿಯೇ ಇಲ್ಲವೆಂದಲ್ಲ. ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ 2013ರಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರ ಆಯಿತು. ಆಸ್ತಿ ತೆರಿಗೆಯನ್ನು ತಾನೇ ಪಡೆದು, ಶೇ 30ನ್ನು ಸುತ್ತಲ ಪಂಚಾಯಿತಿಗಳಿಗೆ ಕೊಟ್ಟು, ಉಳಿದದ್ದನ್ನು ಅಲ್ಲೇ ರಸ್ತೆ, ದೀಪ, ನೀರಿಗೆ ಹಾಕುತ್ತದೆ. ವ್ಯತ್ಯಾಸ ಬರಿಗಣ್ಣಿಗೆ ಕಾಣುತ್ತದೆ. ದೊಡ್ಡ ಕಂಪನಿಗಳಿಗೆ ಒಪ್ಪಿದ ನ್ಯಾಯ ಲೇತಿನವನಿಗೆ ಯಾಕೆ ಒಪ್ಪುವುದಿಲ್ಲ ಎಂಬುದಷ್ಟೇ ನನ್ನ ತಕರಾರು. (ಟೌನ್‌ಶಿಪ್ ಎಂದರೆ ಮತ ಹಾಕಿದ ಜನರ ಕೈಯಿಂದ ಆಡಳಿತ ಜಾರುತ್ತದೆ ಎಂಬ ಆಕ್ಷೇಪವಿದೆ. ಅದು ಹಗುರಾದ ಆಕ್ಷೇಪವಲ್ಲ. ಪಂಚಾಯಿತಿಯ ಪಾಲನ್ನೂ ಮಾತನ್ನೂ ಉಳಿಸಿಕೊಂಡೇ ಅದನ್ನು ಮಾಡಬೇಕು.)

ಮತ ಎಂದಾಗ ಇನ್ನೊಂದು ನೋವಿದೆ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಐದು ಹೋಳಾಯಿತು, ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಆಗಲೂ ಆಡಳಿತಾಧಿಕಾರಿಗಳೇ ಬಂದರು. ಐದು ವರ್ಷ ಅಂಗಡಿಯವನು ತೆರಿಗೆ ಕಟ್ಟಿದ್ದಾನೆ, ಕಸದ ಶುಲ್ಕ ಕಟ್ಟಿದ್ದಾನೆ. ‘ಏನಣ್ಣ ಇದು, ಹೀಗೆ ನೋಟಿಸ್ ಬಂದಿದೆ’ ಎಂದು ಹಿಡಿದು ಕೇಳಲು ವಾರ್ಡಿನಲ್ಲಿ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಕಾರ್ಪೊರೇಟರುಗಳ ಬಗ್ಗೆ ನನಗೆ ಭ್ರಮೆಗಳೇನಿಲ್ಲ. ಆದರೆ ಅವರ ಮನೆ ಗೇಟಿನ ಮುಂದೆ ಹೋಗಿ ನಿಲ್ಲಬಹುದಿತ್ತು. ಪೋರ್ಟಲ್ಲಿಗೆ ಗೇಟಿಲ್ಲ.

ಈ ಊರು ಜನರನ್ನು ನಂಬಿದಾಗ ಏನಾಯಿತು ಎಂಬುದಕ್ಕೂ ಸಾಕ್ಷಿ ಇದೆ. ಇಸವಿ 2000ಕ್ಕೆ ಮುಂಚೆ ಕಂದಾಯ ನಿರೀಕ್ಷಕ ಮನೆಗೆ, ಮಳಿಗೆಗೆ ಬಂದು ಬಾಡಿಗೆ ಮೌಲ್ಯ ಅಂದಾಜು ಮಾಡುತ್ತಿದ್ದ. ಆ ಅಂದಾಜಿನ ಹಿಂದೆ ಏನೇನು ನಡೆಯುತ್ತಿತ್ತು ಎಂದು ಹಳಬರನ್ನು ಕೇಳಿ. ಆ ವರ್ಷ ಸ್ವಯಂ ಘೋಷಣೆ ಪದ್ಧತಿ ಬಂತು. ನಿಮ್ಮ ಕಟ್ಟಡವನ್ನು ನೀವೇ ಅಳೆಯಿರಿ, ನೀವೇ ಲೆಕ್ಕ ಹಾಕಿ, ಕಟ್ಟಿ ಎಂದರು. ವಸೂಲಿ ಇಳಿಯಲಿಲ್ಲ, ಏರಿತು. ದರ ನ್ಯಾಯವಾಗಿದೆ ಅನ್ನಿಸಿದರೆ ಜನ ಕಟ್ಟುತ್ತಾರೆ. ಹಾಗಿರುವಾಗ ನ್ಯಾಯದ ಭಾಗವನ್ನು ಮರೆತು ದಂಡದ ಭಾಗವನ್ನಷ್ಟೇ ಬೆಳೆಸಿದ್ದು ಯಾಕೆ?

ರಾಜಧಾನಿಯ ಹೊರಗೂ ಇದೇ ಪ್ರಶ್ನೆ ಕಾದಿದೆ. ಹುಬ್ಬಳ್ಳಿ, ದಾವಣಗೆರೆ, ಮೈಸೂರು, ಬಳ್ಳಾರಿಗಳಲ್ಲಿ ತೆರಿಗೆಗೆ ಮಾರ್ಗಸೂಚಿ ದರದ ಕೊಂಡಿ ಇದೆ. ಕೋವಿಡ್ ವರ್ಷದಲ್ಲಿ ರಾಜ್ಯಗಳು ಹೆಚ್ಚು ಸಾಲ ಎತ್ತಬೇಕಾದರೆ ಆಸ್ತಿ ತೆರಿಗೆಯ ಕನಿಷ್ಠ ದರವನ್ನು ಇದಕ್ಕೆ ಹೊಂದಿಸಬೇಕೆಂದು ಕೇಂದ್ರ ಷರತ್ತು ಹಾಕಿದ ಮೇಲೆ ಆ ಕೊಂಡಿ ಇನ್ನೂ ಬಿಗಿಯಾಯಿತು. 2023ರ ಅಕ್ಟೋಬರ್‌ನಲ್ಲಿ ರಾಜ್ಯದಾದ್ಯಂತ ಮಾರ್ಗಸೂಚಿ ದರ ಏರಿತು. ಜಾಗದ ಬೆಲೆ ಏರಿದ್ದು ವ್ಯಾಪಾರ ಏರಿದ್ದರಿಂದಲ್ಲ. ಪೇಟೆ ಬೀದಿಯ ಬಟ್ಟೆ ಅಂಗಡಿಯಲ್ಲಿ ಗಿರಾಕಿ ಬಂದು ಸೀರೆ ಮುಟ್ಟಿ ನೋಡಿ, ಫೋಟೊ ತೆಗೆದುಕೊಂಡು, ಮನೆಗೆ ಹೋಗಿ ಮೊಬೈಲಿನಲ್ಲಿ ತರಿಸಿಕೊಳ್ಳುತ್ತಾಳೆ. ಅವನ ಗಲ್ಲಾ ಇಳಿಯುತ್ತಿದೆ, ಅವನು ಕೂತ ನೆಲದ ಬೆಲೆ ಏರುತ್ತಿದೆ, ತೆರಿಗೆ ಹಿಂಬಾಲಿಸುವುದು ನೆಲವನ್ನು. ಮಾರಿ ಹೋಗುವವನಿಗೆ ಲಾಭ. ಉಳಿದು ಅಂಗಡಿ ನಡೆಸುವವನಿಗೆ ದಂಡ.

ಹಾಗಾದರೆ ಏನು ಮಾಡಬೇಕು ಎಂದು ನೀವು ಅಧಿಕಾರಿಗಳ ಕಡೆ ಕೈ ತೋರಿಸುವ ಮುಂಚೆ, ನಾನು ನಿಮ್ಮ ಕಡೆಯೇ ತಿರುಗಬೇಕಾಗಿದೆ. ಇದನ್ನು ಓದುತ್ತಿರುವವರಲ್ಲಿ ಬಹಳ ಜನಕ್ಕೆ ಎಲ್ಲೋ ಒಂದು ಮೂವತ್ತು–ನಲವತ್ತರ ಸೈಟು ಇದೆ. ಮಗಳ ಮದುವೆಗೋ ಮಗನ ಓದಿಗೋ ಎಂದು ಕೊಂಡಿದ್ದು. ಅದನ್ನು ಕಿತ್ತುಕೊಳ್ಳಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಒಂದರ ಮೇಲೆ ಇನ್ನೊಂದು, ಮೂರನೆಯದು, ಹತ್ತನೆಯದು ಎಂದು ಖಾಲಿ ಬಿಟ್ಟುಕೊಂಡು, ಮುಂದೆ ಬಂದ ರಸ್ತೆ, ಮೆಟ್ರೊ, ಕಾವೇರಿ ನೀರಿನಿಂದ ಕೂತಲ್ಲೇ ಸಿರಿವಂತರಾದವರಿದ್ದಾರಲ್ಲ, ಆ ಸಿರಿಯನ್ನು ಊರು ಕೊಟ್ಟಿತು. ಊರಿಗೆ ವಾಪಸು ಕೊಟ್ಟಿದ್ದೆಷ್ಟು? ಲಕ್ಷಕ್ಕೆ ಇಪ್ಪತ್ತೈದು ಸಾಕು ಎಂಬ ಕರಡು ಬಂದಾಗ ನಿಮ್ಮಲ್ಲಿ ಎಷ್ಟು ಜನ ಅದು ಕಡಿಮೆಯಾಯಿತು ಎಂದು ಆಕ್ಷೇಪಣೆ ಸಲ್ಲಿಸಿದಿರಿ? ಖಾಲಿ ನೆಲದ ಮೇಲೆ ತೆರಿಗೆ ಏರಿಸಿದರೆ ನೆಲವೇನೂ ಹೊಸೂರಿಗೋ ಹಿಂದೂಪುರಕ್ಕೋ ಎದ್ದು ಹೋಗುವುದಿಲ್ಲ. ಕಾರ್ಖಾನೆ ಹೋಗುತ್ತದೆ. ಇಷ್ಟು ಸರಳ ಸಂಗತಿಯನ್ನು ತಲೆಕೆಳಗು ಮಾಡಿ ಇಟ್ಟುಕೊಂಡಿದ್ದೇವೆ.

ಮಳಿಗೆ ಬಾಡಿಗೆಗೆ ಕೊಟ್ಟ ಮಾಲೀಕರೇ, ಘೋಷಣೆಯಲ್ಲಿ ‘ಸ್ವಂತ’ ಎಂದು ಬರೆದು ಉಳಿಸಿದ ಹಣದ ಬೆಲೆಯನ್ನು ಇನ್ನೊಬ್ಬರ ಮನೆಯ ಹುಡುಗ ಊರಿಗೆ ಹೋಗಿ ತೆರಬೇಕಾದೀತು. ನಿಜ ಬರೆಯಿರಿ. ಬರೆದು, ನಿಜಕ್ಕೆ ದುಪ್ಪಟ್ಟು ಯಾಕೆ ಎಂದು ನೀವೇ ಮೊದಲು ಜಗಳ ತೆಗೆಯಿರಿ. ಆ ಜಗಳದಲ್ಲಿ ನಿಮ್ಮ ಬಾಡಿಗೆದಾರ ನಿಮ್ಮ ಪಕ್ಕ ನಿಲ್ಲುತ್ತಾನೆ. ವಾಣಿಜ್ಯ ಮಂಡಳಿಗಳ, ಕೈಗಾರಿಕಾ ಸಂಘಗಳ ಹಿರಿಯರೇ, ಬಜೆಟ್ ಮುಂಚೆ ಮುಖ್ಯಮಂತ್ರಿಗಳಿಗೆ ಹೂಗುಚ್ಛದ ಜತೆ ಕೊಡುವ ಮನವಿಯಲ್ಲಿ ಭೂಮಿ, ಸಬ್ಸಿಡಿ, ವಿದ್ಯುತ್ ದರ ಎಲ್ಲ ಇರುತ್ತದೆ. ಇನ್ನೂರು ಚದರಡಿಯ ಬಾಡಿಗೆದಾರ ಎಷ್ಟನೇ ಪುಟದಲ್ಲಿದ್ದಾನೆ?

ಅಧಿಕಾರದಲ್ಲಿ ಇರುವವರಿಗೆ ಕೇಳುವುದು ದೊಡ್ಡದೇನಲ್ಲ. ಐದು ಹೊಸ ಪಾಲಿಕೆಗಳು ಹೊಸ ಪಟ್ಟಿ ಬರೆಯಲು ಕೂತಾಗ ಸಣ್ಣ ಮಳಿಗೆಗೆ ಸ್ವಂತ–ಬಾಡಿಗೆ ಎಂಬ ಭೇದವನ್ನು ಹೊಡೆದುಹಾಕಿ. ಆ ಕೊರತೆಯನ್ನು ಖಾಲಿ ನೆಲದಿಂದ ತುಂಬಿಕೊಳ್ಳಿ. ಮಾಲೀಕನ ಬಾಕಿಗೆ ಬಾಡಿಗೆದಾರನ ಶಟರಿಗೆ ಬೀಗ ಹಾಕಬೇಡಿ; ಬ್ಯಾಂಕ್ ಖಾತೆ ಮುಟ್ಟುಗೋಲು ಹಾಕುವ ದಾರಿ ನಿಮಗಿದೆ, ಬಾಡಿಗೆಯನ್ನೇ ನೇರವಾಗಿ ಬಾಕಿಗೆ ವಜಾ ಮಾಡಿಸಬಹುದು, ಒಳಗೆ ದುಡಿಯುವವರ ದಿನಗೂಲಿ ನಿಲ್ಲದ ಹಾಗೆ ವಸೂಲು ಮಾಡಿ. ಇದಕ್ಕೆ ಕ್ರಾಂತಿ ಬೇಡ, ಒಂದು ತಿದ್ದುಪಡಿ ಸಾಕು. ವಿಧಾನಸೌಧದಲ್ಲಿ ಕೂತ ಸದಸ್ಯರಲ್ಲಿ ಎಷ್ಟು ಮಂದಿಗೆ ಎಷ್ಟು ಖಾಲಿ ಸೈಟು, ಎಷ್ಟು ಖಾಲಿ ಎಕರೆ ಇದೆ ಎಂಬುದು ಅವರೇ ಚುನಾವಣಾ ಆಯೋಗಕ್ಕೆ ಸಲ್ಲಿಸಿದ ಪ್ರಮಾಣಪತ್ರದಲ್ಲಿದೆ. ಯಾರು ಬೇಕಾದರೂ ಓದಬಹುದು. ಓದೋಣ. ಓದಿ, ಈ ತಿದ್ದುಪಡಿ ಯಾಕೆ ತ್ರಾಸದಾಯಕ ಎಂದು ಅವರ ಕಚೇರಿಗೇ ಹೋಗಿ ಕೇಳೋಣ.

ಏಪ್ರಿಲ್ ಬಂದಾಗ ಶೇ 5 ರಿಯಾಯಿತಿಗೆ ನಾವೆಲ್ಲ ತೆರಿಗೆಯ ಪುಟ ತೆರೆಯುತ್ತೇವೆ. ಕಟ್ಟಿ. ರಸೀದಿ ತೆಗೆದುಕೊಳ್ಳಿ. ಆಮೇಲೆ ಆ ರಸೀದಿಯ ಪ್ರತಿಯೊಂದಿಗೆ ನಿಮ್ಮ ಪಾಲಿಕೆಯ ಆಯುಕ್ತರಿಗೂ ನಿಮ್ಮ ಶಾಸಕರಿಗೂ ಒಂದೊಂದು ಪತ್ರ ಹಾಕಿ. ನಿಮ್ಮ ಬೀದಿಯ ಇಸ್ತ್ರಿ ಅಂಗಡಿಗೆ ಚದರಡಿಗೆ ಎಷ್ಟು, ಎದುರಿನ ಖಾಲಿ ಸೈಟಿಗೆ ಎಷ್ಟು ಎಂದು ಎರಡೇ ಸಾಲು ಬರೆದು, ಕಾರಣ ಕೇಳಿ. ಇಸ್ತ್ರಿ ಅಂಗಡಿಯವನ ಸಹಿಯನ್ನೂ ಹಾಕಿಸಿ.